ಎಡಕ್ಕೆ ಎಳೆಯುವ ಗಾಡಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಸ್ಕ್ರೂ ಅಕ್ಕ. ತಲೆಯಲ್ಲಿ ಯಾವುದೋ ಸ್ಕ್ರೂ ಸಡಿಲ ಎಂದು ಇಟ್ಟ ಹೆಸರಲ್ಲ ಇದು. ಇದ್ದ ಸ್ಕ್ರೂಗಳೆಲ್ಲ ಬಿಗಿಯಾಗಿಯೇ ಇದ್ದವು. ಒಂದೆರಡು ಬೇಕಾದ್ದಕ್ಕಿಂತ ಹೆಚ್ಚೇ ಬಿಗಿ ಎಂದು ಅವಳ ತಂಗಿಯ ಅಭಿಪ್ರಾಯ. ಹೆಸರು ಬಂದದ್ದು ಬೇರೆ ಕಾರಣಕ್ಕೆ. ರಿಪೇರಿಗೆ ಬಂದ ಯಾವ ಸಾಮಾನನ್ನೇ ಬಿಚ್ಚಲಿ, ಕಳಚಿದ ಸ್ಕ್ರೂಗಳನ್ನು ಅವಳು ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಕಳಚಿದ ಕ್ರಮದಲ್ಲೇ ಸಾಲಾಗಿ ನಿಲ್ಲಿಸುತ್ತಿದ್ದಳು. ಮುಚ್ಚಳದ ಅಡಿಯಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ ಇತ್ತು, ಹಾಗಾಗಿ ಅವು ನಿಂತಲ್ಲೇ ನಿಲ್ಲುತ್ತಿದ್ದವು. ಬೇರೆ ಅಂಗಡಿಗಳಲ್ಲಿ ರಿಪೇರಿ ಮುಗಿದ ಮೇಲೆ ಎರಡು ಸ್ಕ್ರೂ ಮಿಕ್ಕಿ, "ಇವು ಬೇಡ ಬಿಡಿ, ಕಂಪನಿಯವರು ಸುಮ್ನೆ ಹಾಕಿರ್ತಾರೆ" ಎಂದು ಹಲ್ಲು ಗಿಂಜುವವರನ್ನು ನೀವೂ ನೋಡಿರುತ್ತೀರಿ. ಸ್ಕ್ರೂ ಅಕ್ಕನ ಮುಚ್ಚಳದಲ್ಲಿ ಕೊನೆಗೆ ಒಂದೂ ಮಿಗುತ್ತಿರಲಿಲ್ಲ.

ಅವಳಿಗೆ ಅರವತ್ತೊಂದು. ಹತ್ತೊಂಬತ್ತನೇ ವಯಸ್ಸಿಗೆ ರೇಡಿಯೋ ಬಿಡಿಭಾಗಗಳ ಕಾರ್ಖಾನೆಗೆ ಸೇರಿದವಳು ಇಪ್ಪತ್ತೆರಡು ವರ್ಷ ಒಂದೇ ಬೆಂಚಿನ ಮೇಲೆ ಕೂತು ಸೋಲ್ಡರ್ ಮಾಡಿದಳು. ಕಾರ್ಖಾನೆ ಮುಚ್ಚಿದ ದಿನ ಉಳಿದವರೆಲ್ಲ ಗೇಟಿನ ಹತ್ತಿರ ನಿಂತು ಅಳುತ್ತಿದ್ದರೆ, ಇವಳು ಸೂಪರ್‌ವೈಸರ್ ಹತ್ತಿರ ಹೋಗಿ ತನ್ನ ಸೋಲ್ಡರಿಂಗ್ ಐರನ್ನು ಕೇಳಿ ತಗೊಂಡು ಬಂದಳು. ಮುಂದಿನ ವಾರವೇ ತಂಗಿಯ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೋರ್ಡು ತೂಗುಹಾಕಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದಳು. ಹೇಳುವ ಧಾಟಿ ನೋಡಿದರೆ ಅದು ನಿಜವೇ ಇರಬೇಕು.

ಮೊದಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ರಿಮೋಟು. ಈಗ ಹತ್ತು ವರ್ಷದಿಂದ ಅವಳಲ್ಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಹಳೆಯ ವಿಡಿಯೋ ಗೇಮುಗಳು. ಇಪ್ಪತ್ತೈದು ವರ್ಷದ ಹಿಂದೆ ಮಕ್ಕಳ ಕಾಟ ತಾಳಲಾರದೆ ತಂದ ಪೆಟ್ಟಿಗೆಗಳನ್ನು ಈಗ ಆ ಮಕ್ಕಳೇ ದೊಡ್ಡವರಾಗಿ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಎದೆಗವಚಿಕೊಂಡು ಬರುತ್ತಿದ್ದರು. ಹೊಸ ಗೇಮುಗಳ ಅಂಗಡಿಗೆ ಹೋದರೆ ಇದನ್ನು ನೋಡಿ ಮೂಗು ಮುರಿಯುತ್ತಾರೆ. ಸ್ಕ್ರೂ ಅಕ್ಕ ಮೂಗು ಮುರಿಯುತ್ತಿರಲಿಲ್ಲ. ಕನ್ನಡಕ ಏರಿಸಿ, "ಎಲ್ಲಿ ನೋವು?" ಎಂದು ಕೇಳುತ್ತಿದ್ದಳು. ಸಾಮಾನನ್ನೋ ಗಿರಾಕಿಯನ್ನೋ ಕೇಳಿದ್ದು ಎಂದು ಗೊತ್ತಾಗದೆ ಗಿರಾಕಿ ತಬ್ಬಿಬ್ಬಾಗುತ್ತಿದ್ದ.

ಅವಳಿಗೆ ತನ್ನ ಕೈಯ ಬಗ್ಗೆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವ ಅಭ್ಯಾಸ ಇರಲಿಲ್ಲ. "ನನ್ನ ಮೆಟ್ಟಿಲು ಇಳಿದ ಕೆಲಸ ಮತ್ತೆ ಹತ್ತಿದ್ದಿಲ್ಲ" ಎನ್ನುವುದು ಅವಳ ಮಾತು. ಮೆಟ್ಟಿಲು ಹನ್ನೊಂದು. ಅವುಗಳ ಬುಡ ಇರುವುದು ತಂಗಿಯ ಅಂಗಡಿಯ ಬಾಗಿಲಲ್ಲೇ. ಯಾರು ಹತ್ತಿದರು, ಯಾರು ಇಳಿದರು, ಕೈಯಲ್ಲಿ ಏನಿತ್ತು, ಎಲ್ಲಕ್ಕೂ ತಂಗಿ ಸಾಕ್ಷಿ.

ಈ ತಂಗಿ ಅಕ್ಕನಿಗಿಂತ ಮೂರು ವರ್ಷ ಚಿಕ್ಕವಳು. ಗಂಡ ಬಿಟ್ಟುಹೋದ ಹೊಲಿಗೆ ಮಷೀನು ಮತ್ತು ಗಿರಾಕಿಗಳನ್ನು ಇಪ್ಪತ್ತು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದವಳು. ಅಕ್ಕತಂಗಿಯರಿಬ್ಬರೂ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಒಟ್ಟಿಗೇ ಇದ್ದರು. ಒಟ್ಟಿಗಿದ್ದರು ಎಂದ ಮೇಲೆ ಜಗಳವಾಡುತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಆಗಿನಿಂದ ತಂಗಿಯದು ಒಂದೇ ರಾಗ.

"ಸಾಕು ಮಾಡು ಅಕ್ಕ. ಅಷ್ಟಷ್ಟು ಸಣ್ಣ ಸಾಮಾನು, ಬಿಸಿ ಐರನ್ನು. ಎಲ್ಲೋ ಹೋಗಿ ಎಲ್ಲೋ ಚುಚ್ಚಿಕೊಂಡ್ರೆ?"

"ಆಪರೇಷನ್ ಆದ್ಮೇಲೆ ನನಗೆ ಮುಂಚಿಗಿಂತ ಚೆನ್ನಾಗಿ ಕಾಣ್ತಿದೆ. ನಿನ್ನ ಮುಖದ ಸುಕ್ಕೂ ಕಾಣ್ತಿದೆ."

"ಹಾಗಾದ್ರೆ ಇದನ್ನ ಪೋಣಿಸು ನೋಡೋಣ" ಎಂದು ತಂಗಿ ಒಂದು ಸೂಜಿ, ಒಂದು ದಾರ ಮುಂದೆ ಹಿಡಿದಳು. ಅಕ್ಕ ಒಂದೇ ಸಲಕ್ಕೆ ಪೋಣಿಸಿ ಕೈಗೆ ಕೊಟ್ಟಳು. ಆವತ್ತು ಶುರುವಾದದ್ದು ದಿನದ ಪದ್ಧತಿಯಾಯಿತು. ಬೆಳಿಗ್ಗೆ ಶಟರ್ ಎತ್ತುತ್ತಿದ್ದಂತೆ ತಂಗಿ ಸೂಜಿ ಹಿಡಿದು ಮೇಲೆ ಬರುವಳು. ಒಂದೊಂದು ದಿನ ಒಂದು, ಒಂದೊಂದು ದಿನ ಮೂರು. ಅಕ್ಕ ಪೋಣಿಸಿ "ಪಾಸಾ?" ಎಂದು ಕೇಳುವಳು. "ಇವತ್ತಿಗೆ ಪಾಸು" ಎಂದು ಹೇಳಿ ತಂಗಿ ಇಳಿದು ಹೋಗುವಳು.

ಆದರೂ ರಾಗ ನಿಲ್ಲಲಿಲ್ಲ. ಒಂದು ದಿನ ಅಕ್ಕನಿಗೆ ರೇಗಿಹೋಗಿ ಬಾಯಿಂದ ಮಾತು ಜಾರಿತು. "ನೋಡು, ಒಂದೇ ಕೆಲಸ ಎರಡು ಸಲ ವಾಪಸ್ ಬರ್ಲಿ. ಆವತ್ತೇ ನನ್ನ ಕೈಯಾರೆ ಶಟರ್ ಎಳೀತೀನಿ. ಆಯ್ತಾ?" ತಂಗಿ ಕೂಡಲೇ ಕೆಳಗೆ ಹೋಗಿ ಟೈಲರ್ ಚಾಕು ತಂದಳು. ಚಾಕು ಎಂದರೆ ಕತ್ತರಿಸುವ ಚಾಕುವಲ್ಲ, ಬಟ್ಟೆಗೆ ಗುರುತು ಹಾಕುವ ನೀಲಿ ಬಳಪ. ಅಕ್ಕನ ಮೇಜಿನ ಹಿಂದಿನ ಗೋಡೆಯ ಮೇಲೆ "ಎರಡು ಸಲ" ಎಂದು ದಪ್ಪಗೆ ಬರೆದಳು. ಅಕ್ಕ ನಕ್ಕಳು. ಒಂದೂವರೆ ವರ್ಷ ಆ ಬರಹ ಅಲ್ಲೇ ಇತ್ತು, ಯಾವ ಕೆಲಸವೂ ಒಂದು ಸಲವೂ ವಾಪಸ್ ಬರಲಿಲ್ಲ. ನಂತರ ಡ್ರೈವರಣ್ಣ ಬಂದರು.

ಡ್ರೈವರಣ್ಣ ಎಂದರೆ ಮೂವತ್ತನಾಲ್ಕು ವರ್ಷ ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಎತ್ತರದ ಆಳು, ನೇರ ಬೆನ್ನು. ಹಳದಿ ಬಟ್ಟೆಯ ಚೀಲದಿಂದ ಹಳೆಯ ಗೇಮಿನ ಕಂಟ್ರೋಲರ್ ತೆಗೆದು ಮೇಜಿನ ಮೇಲಿಟ್ಟರು. ಬೂದು ಬಣ್ಣ, ನಡುವೆ ಹೆಬ್ಬೆರಳಿಗೆ ಸಿಗುವ ಒಂದು ಪುಟ್ಟ ಕಡ್ಡಿ.

"ಗೇರು ಸತ್ತುಹೋಗಿದೆ ಅಕ್ಕಾ" ಎಂದರು.

"ಇದಕ್ಕೆ ಗೇರು ಎಲ್ಲಿಂದ ಬಂತು? ಸ್ಟಿಕ್ ಅನ್ನಿ."

"ಅದೇ, ಗೇರು. ಬಲಕ್ಕೆ ಪೂರ್ತಿ ತಿರುಗೋದೇ ಇಲ್ಲ. ತಿರುವಿನಲ್ಲಿ ಗಾಡಿ ಹೋಗಿ ಗೋಡೆಗೆ ಬಡೀತದೆ. ಭಾನುವಾರ ಭಾನುವಾರ ಮಗಳು ಬರ್ತಾಳೆ. ಇಬ್ರೂ ರೇಸ್ ಆಡ್ತೀವಿ, ಅವಳು ಹತ್ತು ವರ್ಷದವಳಿದ್ದಾಗಿನಿಂದ. ಈಗ ಆರು ತಿಂಗಳಿಂದ ಸೋಲ್ತಾನೇ ಇದೀನಿ. ಪಕ್ಕದ ಬೀದಿಯಿಂದ ನಗೋಕೆ ಅಂತಲೇ ಬರ್ತಾಳೆ ಅವಳು."

ಅಕ್ಕ ಹೆಬ್ಬೆರಳಿಟ್ಟು ಕಡ್ಡಿಯನ್ನು ಅಲ್ಲಾಡಿಸಿದಳು. ಬೀಳುವ ಹಲ್ಲು ಅಲ್ಲಾಡಿದ ಹಾಗೆ ಅತ್ತಿತ್ತ ಹೊರಳಿತು, ಬಿಟ್ಟರೆ ಬಿಟ್ಟಲ್ಲೇ ವಾಲಿಕೊಂಡಿತು. ಅವಳಿಗೆ ಬಿಚ್ಚದೆಯೇ ಗೊತ್ತಾಯಿತು.

ಹಿಂಬದಿಯಲ್ಲಿ ಒಂಬತ್ತು ಸ್ಕ್ರೂ, ಅದರಲ್ಲಿ ಎರಡು ಗಿಡ್ಡ. ಒಂಬತ್ತೂ ಮುಚ್ಚಳದಲ್ಲಿ ಸಾಲಾಗಿ ನಿಂತವು. ಬೆನ್ನಿನ ಚಿಪ್ಪು ಎತ್ತಿದರೆ ಒಳಗೆ ಸ್ಟಿಕ್ಕಿನ ಚಿಕ್ಕ ಪೆಟ್ಟಿಗೆ, ಅದಕ್ಕೆ ಮೂರು ಸ್ಕ್ರೂ, ಒಂದು ವೈರಿನ ಪಿನ್ನು. ಪೆಟ್ಟಿಗೆ ತೆರೆದು ಅವಳು ಡ್ರೈವರಣ್ಣನನ್ನು ಹತ್ತಿರ ಕರೆದಳು. ಗಿರಾಕಿಗೆ ರೋಗ ತೋರಿಸದೆ ಔಷಧ ಕೊಡುವುದು ಅವಳಿಗೆ ಆಗದು.

"ಈ ಬಿಳಿ ಪುಡಿ ಕಾಣ್ತಿದೆಯಾ? ಇದು ಧೂಳಲ್ಲ, ಪ್ಲಾಸ್ಟಿಕ್. ಕಡ್ಡಿಯ ಬುಡ ಈ ಬಟ್ಟಲಲ್ಲಿ ಕೂತ್ಕೊಂಡು ಇಪ್ಪತ್ತೈದು ವರ್ಷ ಅರೆದಿದೆ. ಬಟ್ಟಲೂ ಸವೆದಿದೆ, ಕಡ್ಡಿಯೂ ಸವೆದಿದೆ. ಕಡ್ಡಿ ಅಲ್ಲಾಡಿದ್ರೆ ಹಲ್ಲಿನ ಈ ಎರಡೂ ಚಕ್ರ ತಿರುಗಬೇಕು. ಚಕ್ರ ಎಷ್ಟು ತಿರುಗಿತು ಅಂತ ಪಕ್ಕದಲ್ಲಿರೋ ದೀಪದ ಕಣ್ಣು ಎಣಿಸ್ತದೆ. ಈಗ ಕಡ್ಡಿ ಅಲ್ಲಾಡ್ತದೆ, ಚಕ್ರ ತಿರುಗೋದೇ ಇಲ್ಲ."

"ಕ್ಲಚ್ ಪ್ಲೇಟ್ ಸವೆದ ಹಾಗೆ."

"ಹೂಂ, ಹಾಗೇ ಅಂದ್ಕೊಳ್ಳಿ."

ಹೊಸ ಸ್ಟಿಕ್ ಅವಳ ಡ್ರಾಯರಿನಲ್ಲೇ ಇತ್ತು. ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಪಿನ್ನು ಒತ್ತಿ, ವೈರು ಎಲ್ಲೂ ಚಿಪ್ಪಿನ ಅಂಚಿಗೆ ಸಿಕ್ಕಿಕೊಳ್ಳದ ಹಾಗೆ ಮಡಿಸಿ, ಒಂಬತ್ತು ಸ್ಕ್ರೂಗಳನ್ನೂ ಅವವುಗಳ ಗೂಡಿಗೇ ಸೇರಿಸಿದಳು. ಅಂಗಡಿಯಲ್ಲಿ ಪರೀಕ್ಷೆಗೆಂದೇ ಇಟ್ಟಿದ್ದ ಗೇಮಿನ ಪೆಟ್ಟಿಗೆಗೆ ಜೋಡಿಸಿ ನೋಡಿದಳು. ಗಾಡಿ ಗೆರೆ ಎಳೆದ ಹಾಗೆ ನೆಟ್ಟಗೆ ಓಡಿತು. ಸವೆದ ಸ್ಟಿಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಡ್ರೈವರಣ್ಣನ ಕೈಗೇ ಕೊಟ್ಟಳು. ಕಳಚಿದ ಭಾಗವನ್ನು ಗಿರಾಕಿಗೆ ವಾಪಸ್ ಕೊಡುವುದು ಅಂಗಡಿ ತೆರೆದಾಗಿನಿಂದಲೂ ಬಂದ ನಿಯಮ. ಡ್ರೈವರಣ್ಣ ಹುರುಪಿನಿಂದ ಮೆಟ್ಟಿಲು ಇಳಿದು ಹೋದರು.

ಮುಂದಿನ ಸೋಮವಾರ ತಂಗಿ ತಲೆ ಎತ್ತಿ ನೋಡಿದರೆ ಹಳದಿ ಚೀಲ ಮೆಟ್ಟಿಲು ಹತ್ತುತ್ತಿತ್ತು.

"ಗಾಡಿ ಎಡಕ್ಕೆ ಎಳೀತಿದೆ ಅಕ್ಕಾ" ಎಂದರು ಡ್ರೈವರಣ್ಣ, ತಾವೇ ತಪ್ಪು ಮಾಡಿದವರಂತೆ.

ಅಕ್ಕ ಅವರ ಮುಂದೆಯೇ ಜೋಡಿಸಿ ನೋಡಿದಳು. ನೆಟ್ಟಗೆ ಓಡಿತು. ಅವರ ಕೈಗೆ ಕೊಟ್ಟಳು, ಆಗಲೂ ನೆಟ್ಟಗೆ ಓಡಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಆದರೂ ಅವಳು "ಸರಿಯಾಗೇ ಇದೆಯಲ್ಲ" ಎಂದು ಅಟ್ಟಲಿಲ್ಲ. ಬಂದ ಸ್ಟಿಕ್ಕಿನಲ್ಲೇ ಏನಾದರೂ ದೋಷ ಇದ್ದೀತು ಎಂದು ಇನ್ನೊಂದು ಹೊಸದನ್ನೇ ತೆಗೆದು ಹಾಕಿದಳು. ಅವರು ಹೋದ ಮೇಲೆ ತಂಗಿ ಮೇಲೆ ಬಂದು ಗೋಡೆಯ "ಎರಡು ಸಲ" ಎಂಬುದರ ಕೆಳಗೆ ನೀಲಿ ಬಳಪದಿಂದ ಒಂದು ಗೀಟು ಎಳೆದು ಹೋದಳು.

ಎಂಟು ದಿನಕ್ಕೆ ಹಳದಿ ಚೀಲ ಮತ್ತೆ ಬಂತು.

"ನನ್ನನ್ನ ಬೈಕೋಬೇಡಿ ಅಕ್ಕಾ. ಭಾನುವಾರ ಮಗಳು ಬಂದಾಗ ಚೆನ್ನಾಗಿತ್ತು. ಸೋಮವಾರ ನಾನೊಬ್ನೇ ಅಭ್ಯಾಸ ಮಾಡೋಣ ಅಂತ ಕೂತ್ರೆ ಮತ್ತೆ ಎಡಕ್ಕೆ. ಮಗಳಿಗೆ ಫೋನ್ ಮಾಡಿದ್ರೆ, 'ಸೋಲಿಗೆ ಈಗ್ಲೇ ನೆಪ ಹುಡುಕ್ತಿದೀಯಾ ಅಪ್ಪ' ಅಂತಾಳೆ." ನಗುತ್ತಲೇ ಹೇಳಿದರು, ಆದರೆ ಕಿವಿ ಕೆಂಪಾಗಿತ್ತು.

ಅಕ್ಕ ಮತ್ತೆ ಬಿಚ್ಚಿದಳು. ಒಂಬತ್ತು ಸ್ಕ್ರೂ, ಮೂರು ಸ್ಕ್ರೂ, ಪಿನ್ನು, ವೈರು, ಬಟ್ಟಲು, ಚಕ್ರ. ಭೂತಗನ್ನಡಿ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಲ್ಲವೂ ಇರಬೇಕಾದ ಹಾಗೇ ಇತ್ತು. ಅದೇ ಅವಳನ್ನು ಹೆದರಿಸಿತು. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು. ತಪ್ಪು ಇದ್ದೂ ತನಗೆ ಕಾಣಿಸುತ್ತಿಲ್ಲ ಎಂದರೆ? ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ತನ್ನ ಬಲಗೈಯನ್ನು ಕಿಟಕಿಯ ಬೆಳಕಿಗೆ ಚಾಚಿ, ನಡುಗುತ್ತಿದೆಯೇ ಎಂದು ನೋಡಿದಳು. ನಡುಗುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು.

ಅಷ್ಟರಲ್ಲಿ ತಂಗಿ ಬಳಪ ಹಿಡಿದು ಬಂದು ಎರಡನೇ ಗೀಟು ಎಳೆದಳು. ಅವಳ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ ಎನ್ನುವುದನ್ನು ಅಕ್ಕ ಆಗ ಗಮನಿಸಲಿಲ್ಲ.

"ಮಾತು ಮಾತೇ ಅಕ್ಕ."

"ಮಾತು ಮಾತೇ. ಭಾನುವಾರದವರೆಗೆ ಟೈಮ್ ಕೊಡು. ಅವರ ಮನೆಗೇ ಹೋಗಿ ನೋಡ್ತೀನಿ."

"ನೀನು ಗಿರಾಕಿ ಮನೆಗೆ ಹೋಗ್ತೀಯಾ? ಹೋಗಲ್ಲ ಅಂತ ಬೋರ್ಡ್ ಬರ್ಸಿದೀಯಲ್ಲ."

"ಬೋರ್ಡ್ ಬರ್ಸಿದ್ದು ನಾನೇ ತಾನೆ? ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯ ಗಾಡಿ ಎಳೀತಿದೆ ಅಂದ್ರೆ ಎಳೀತಿದೆ. ಅಂಗಡಿ ಮುಚ್ಚೋದಾದ್ರೆ ಮುಚ್ಚೋಣ. ಆದ್ರೆ ಯಾಕೆ ಎಳೀತಿದೆ ಅಂತ ತಿಳ್ಕೊಂಡೇ ಮುಚ್ಚೋದು."

ಭಾನುವಾರ ಬೆಳಿಗ್ಗೆ ಅವಳು ಸ್ಕ್ರೂಡ್ರೈವರಿನ ಚೀಲ ಹೆಗಲಿಗೇರಿಸಿ ಡ್ರೈವರಣ್ಣನ ಮನೆಯ ಬೆಲ್ ಒತ್ತಿದಳು. ಮೂರನೇ ಮಹಡಿ. ಸಣ್ಣ ಹಾಲ್, ಒಂದು ಕಡೆ ಆನೆಯಷ್ಟು ದಪ್ಪದ ಹಳೆಯ ಟೀವಿ, ಅದರ ಮುಂದೆ ಸ್ಟೂಲಿನ ಮೇಲೆ ಗೇಮಿನ ಪೆಟ್ಟಿಗೆ, ಸ್ಟೂಲಿಗೆ ತಾಗಿಸಿ ಒಂದು ಕುರ್ಚಿ. ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಮಗಳು ಆಗಲೇ ಬಂದು ಕೂತಿದ್ದಳು.

"ಬನ್ನಿ ಆಂಟಿ. ನಮ್ಮಪ್ಪ ಸೋತಾಗಲೆಲ್ಲ ಎಡಕ್ಕೆ ಎಳೆಯೋ ಗಾಡಿ ನೋಡೋಕೆ ಬಂದ್ರಾ?" ಎಂದು ನಕ್ಕು, ಎದ್ದು ಹೋಗಿ ಪೆಟ್ಟಿಗೆ ಆನ್ ಮಾಡಿದಳು.

ಗಾಡಿ ನೆಟ್ಟಗೆ ಓಡಿತು. ಡ್ರೈವರಣ್ಣನ ಮುಖ ಬಾಡಿತು. ಮಗಳು ಹುಬ್ಬು ಹಾರಿಸಿದಳು. ಅಕ್ಕನಿಗೆ ಒಂದು ಗಳಿಗೆ ನಿರಾಳವಾಯಿತು, ಮರುಗಳಿಗೆ ಇಲ್ಲ. ಇಷ್ಟನ್ನು ತಾನು ಅಂಗಡಿಯಲ್ಲೇ ನೋಡಿಯಾಗಿತ್ತು. ಹೀಗೇ ಎದ್ದು ಹೋದರೆ ನಾಳೆ ಹಳದಿ ಚೀಲ ಮತ್ತೆ ಬರುವುದು ಖಂಡಿತ. ಅವಳಿಗೆ ಒಂದು ಮಾತು ತಲೆಗೆ ಹೊಳೆಯಿತು. ಮಗಳು ಇದ್ದಾಗ ಸರಿ, ಅಂಗಡಿಯಲ್ಲಿ ಸರಿ, ಒಬ್ಬರೇ ಇದ್ದಾಗ ಮಾತ್ರ ಎಡಕ್ಕೆ.

"ಡ್ರೈವರಣ್ಣಾ, ಪೂರ್ತಿ ಆಫ್ ಮಾಡಿ. ಈಗ ನಾವಿಬ್ರೂ ಇಲ್ಲಿಲ್ಲ ಅಂದ್ಕೊಳ್ಳಿ. ಸೋಮವಾರ ಒಬ್ರೇ ಕೂತಾಗ ಏನೇನು ಮಾಡ್ತೀರೋ ಅದನ್ನೆಲ್ಲ ಮಾಡಿ."

ಅವರು ಸಂಕೋಚದಿಂದ ಕುರ್ಚಿಯಲ್ಲಿ ಕೂತರು. ಕುರ್ಚಿಯನ್ನು ಒಂದಿಂಚು ಮುಂದೆ ಎಳೆದುಕೊಂಡರು. ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡರು. ಬಲಗಡೆ ಒಮ್ಮೆ ನೋಡಿದರು, ಎಡಗಡೆ ಒಮ್ಮೆ ನೋಡಿದರು. ಬಲಗಡೆ ಇದ್ದದ್ದು ಕಿಟಕಿ, ಎಡಗಡೆ ಇದ್ದದ್ದು ಫ್ರಿಜ್ಜು. ಆಮೇಲೆ ಎಡಗೈಯಿಂದ ತೊಡೆಯ ಮೇಲಿದ್ದ ಕಂಟ್ರೋಲರಿನ ಕಡ್ಡಿಯನ್ನು ಹಿಡಿದು, ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಬಲಕ್ಕೆ ಒತ್ತಿ ಹಿಡಿದೇ, ಬಲಗೈ ಚಾಚಿ ಪೆಟ್ಟಿಗೆಯ ಸ್ವಿಚ್ ಒತ್ತಿದರು.

ಪರದೆಯ ಮೇಲೆ ಗಾಡಿ ಹೊರಟಿತು. ಎಡಕ್ಕೆ ಎಳೆಯಿತು. ಹೋಗಿ ಬೇಲಿಗೆ ಬಡಿಯಿತು.

"ನೋಡಿದ್ರಾ! ನೋಡಿದ್ರಾ!" ಎಂದು ಡ್ರೈವರಣ್ಣ ಕೂಗಿದರು. ಗಾಡಿ ಹಾಳಾದದ್ದಕ್ಕೆ ಇಷ್ಟು ಸಂತೋಷಪಟ್ಟ ಡ್ರೈವರ್ ಇನ್ನೊಬ್ಬನಿರಲಿಕ್ಕಿಲ್ಲ.

ಅಕ್ಕ ಟೀವಿ ನೋಡುತ್ತಿರಲಿಲ್ಲ. ಅವರ ಎಡಗೈ ನೋಡುತ್ತಿದ್ದಳು.

"ಸ್ವಿಚ್ ಒತ್ತೋಕೆ ಮುಂಚೆ ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲವಲ್ಲ."

"ಅಲ್ಲಾಡಿಸಿದೆ ಅಪ್ಪ, ಕಡ್ಡಿನ" ಎಂದಳು ಮಗಳು. ಅವಳ ನಗು ನಿಂತುಹೋಗಿತ್ತು.

ಡ್ರೈವರಣ್ಣ ತಮ್ಮ ಎಡಗೈಯನ್ನು ಯಾರದೋ ಕೈಯೆಂಬಂತೆ ನೋಡಿದರು. ನಿಧಾನವಾಗಿ ಹೇಳಿದರು. "ನ್ಯೂಟ್ರಲ್ ನೋಡ್ದೆ. ಗೇರಲ್ಲಿ ಇರೋ ಗಾಡಿ ಸ್ಟಾರ್ಟ್ ಮಾಡಿದ್ರೆ ಮುಂದಿರೋರ ಮೇಲೆ ಹಾರ್ತದೆ ಅಕ್ಕಾ. ಕೀ ತಿರುಗಿಸೋ ಮುಂಚೆ ಗೇರು ಅಲ್ಲಾಡಿಸಿ ನೋಡಬೇಕು. ಮೊದಲ ದಿನ ಕಲಿಸಿದ್ದೇ ಅದು."

ಸ್ಕ್ರೂ ಅಕ್ಕ ಸೋಫಾಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ವಾರದ ಆತಂಕವೆಲ್ಲ ಆ ನಗುವಿನ ಜೊತೆ ಹೊರಗೆ ಹೋಯಿತು. ಕಣ್ಣೊರೆಸಿಕೊಂಡು ವಿವರಿಸಿದಳು. "ನಿಮ್ಮ ಬಸ್ಸಿನಲ್ಲಿ ನ್ಯೂಟ್ರಲ್ ಎಲ್ಲಿದೆ ಅಂತ ಗೇರು ನಿಮಗೆ ಹೇಳ್ತಿತ್ತು. ಇಲ್ಲಿ ಉಲ್ಟಾ. ಆನ್ ಆದ ಗಳಿಗೆಯಲ್ಲಿ ಕಡ್ಡಿ ಎಲ್ಲಿದೆಯೋ ಅದೇ ನ್ಯೂಟ್ರಲ್ ಅಂತ ಈ ಪೆಟ್ಟಿಗೆ ನಂಬಿಬಿಡ್ತದೆ. ಪಾಪ, ಅದರ ಬುದ್ಧಿ ಅಷ್ಟೇ. ನೀವು ಬಲಕ್ಕೆ ಒತ್ತಿ ಹಿಡಿದು ಆನ್ ಮಾಡಿದ್ರಿ, ಅದು 'ಓಹೋ ಇದೇ ನಡುಮಧ್ಯ' ಅಂದ್ಕೊಂಡ್ತು. ಕೈ ಬಿಟ್ರೆ ಕಡ್ಡಿ ನಿಜವಾದ ನಡುವಿಗೆ ಬರ್ತದೆ, ಅದು 'ಓಹೋ ಎಡಕ್ಕೆ ತಿರುಗಿಸಿದ್ರು' ಅನ್ಕೊಳ್ತದೆ."

"ಹಳೇ ಗೇರಿಗೆ ಹೀಗಾಗ್ತಿರಲಿಲ್ಲವಲ್ಲ?"

"ಹಳೇದು ಸವೆದು ಎಷ್ಟು ಸಡಿಲವಾಗಿತ್ತು ಅಂದ್ರೆ, ನೀವು ಅಲ್ಲಾಡಿಸಿದ್ದು ಒಳಗಿನ ಚಕ್ರಕ್ಕೆ ಮುಟ್ಟುತ್ತಲೇ ಇರಲಿಲ್ಲ. ಹೊಸದಾಗಿದ್ದಾಗ ಪೆಟ್ಟಿಗೆ ಆನ್ ಮಾಡ್ತಿದ್ದದ್ದು ಯಾರು?"

"ನಾನು" ಎಂದಳು ಮಗಳು. "ಅಪ್ಪನಿಗೆ ಮುಟ್ಟೋಕೇ ಬಿಡ್ತಿರಲಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ನೆಪ ಅಂದಿದ್ದಕ್ಕೆ ಸಾರಿ ಅಪ್ಪ" ಎಂದಳು.

ಇನ್ನೇನು, ಕೈ ಇಡದೆ ಆನ್ ಮಾಡಿದರೆ ಮುಗಿಯಿತು ಎಂದುಕೊಂಡರೆ, ಮುಗಿಯಲಿಲ್ಲ. ಡ್ರೈವರಣ್ಣ ಆಫ್ ಮಾಡಿ ಮತ್ತೆ ಆನ್ ಮಾಡಲು ಹೋದರು. ಬಲಗೈ ಸ್ವಿಚ್ಚಿನ ಕಡೆ ಹೊರಟ ಕೂಡಲೇ ಎಡಗೈ ತಾನಾಗಿ ಕಡ್ಡಿ ಹಿಡಿಯಿತು. ಕಂಟ್ರೋಲರನ್ನು ದೂರದ ಮೇಜಿನ ಮೇಲಿಟ್ಟರು. ಎಡಗೈ ಗಾಳಿಯಲ್ಲಿ ಏನೂ ಸಿಗದೆ ಪರದಾಡಿ, ಬಲಗೈ ಸ್ವಿಚ್ ಒತ್ತದೆ ನಿಂತುಬಿಟ್ಟಿತು. "ಆಗ್ತಿಲ್ಲ ಅಕ್ಕಾ" ಎಂದರು, ನಿಜವಾಗಿ ಬೇಸರದಿಂದ. "ಮೂವತ್ತನಾಲ್ಕು ವರ್ಷದ ಕೈ. ನಾನು ಹೇಳಿದ್ದು ಕೇಳಲ್ಲ."

"ಕೇಳಬಾರದು" ಎಂದಳು ಅಕ್ಕ ಖಡಾಖಂಡಿತವಾಗಿ. "ಅಷ್ಟು ಒಳ್ಳೇ ಅಭ್ಯಾಸ ಯಾಕೆ ಬಿಡಿಸಬೇಕು? ಅದಕ್ಕೆ ಒಂದು ಕೆಲಸ ಕೊಡೋಣ. ನಾನು ಕವರಲ್ಲಿ ಹಾಕಿ ಕೊಟ್ಟ ಹಳೇ ಸ್ಟಿಕ್ ಎಲ್ಲಿ?"

ಅದು ಟೀವಿಯ ನೆತ್ತಿಯ ಮೇಲೇ ಇತ್ತು. ಬೇಡವಾದ ಮರದ ತುಂಡು ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಮಗಳು ಬಾಲ್ಕನಿಯಿಂದ ಹಳೆಯ ಸ್ವಿಚ್ ಬೋರ್ಡಿನ ಮರದ ಪೆಟ್ಟಿಗೆ ತಂದಳು. ಸ್ವಿಚ್ಚು ಇದ್ದ ತೂತು ಕಡ್ಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಕ್ಕ ಸವೆದ ಸ್ಟಿಕ್ಕನ್ನು ಒಳಗಿನಿಂದ ಕೂರಿಸಿ, ಚೀಲದಿಂದ ಮೂರು ಸ್ಕ್ರೂ ತೆಗೆದು ಬಿಗಿದಳು. ಕೆಲಸ ಹತ್ತು ನಿಮಿಷದ್ದು. ಆ ಮರದ ಪೆಟ್ಟಿಗೆಯನ್ನು ಕುರ್ಚಿಯ ಎಡಗಡೆ, ಬಸ್ಸಿನಲ್ಲಿ ಗೇರು ಇರುತ್ತಿದ್ದ ಎತ್ತರಕ್ಕೆ, ಎರಡು ದಪ್ಪ ಪುಸ್ತಕಗಳ ಮೇಲಿಟ್ಟಳು. ಕಂಟ್ರೋಲರನ್ನು ಸ್ಟೂಲಿನ ಮೇಲೆ ಅದರ ಪಾಡಿಗೆ ಬಿಟ್ಟಳು.

"ಈಗ ಹೊರಡಿ."

ಡ್ರೈವರಣ್ಣ ಕೂತರು. ಕಿಟಕಿ ನೋಡಿದರು, ಫ್ರಿಜ್ಜು ನೋಡಿದರು. ಎಡಗೈ ತಾನಾಗಿ ಇಳಿದು ಸವೆದ ಕಡ್ಡಿಯನ್ನು ಹಿಡಿದು ಲೊಡಲೊಡ ಅಲ್ಲಾಡಿಸಿತು. ಎಲ್ಲಿಗೂ ಜೋಡಿಸಿರದ ಆ ಕಡ್ಡಿ, ಯಾರಿಗೂ ತೊಂದರೆ ಕೊಡದೆ, ಪೂರ್ತಿ ನ್ಯೂಟ್ರಲ್ಲಿನಲ್ಲಿತ್ತು. ಬಲಗೈ ಸ್ವಿಚ್ ಒತ್ತಿತು. ಗಾಡಿ ನೆಟ್ಟಗೆ ಹೊರಟಿತು.

ಎರಡನೇ ಸುತ್ತಿಗೇ ಮಗಳು ಹಿಂದೆ ಬಿದ್ದಳು. ಮೂರನೇ ಸುತ್ತಿನಲ್ಲಿ ಅವಳು ಕೂಗಿದ್ದು ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಅಕ್ಕನಿಗೂ ಕೇಳಿಸಿತು. "ಆಂಟೀ, ಹೋಗಬೇಡಿ, ನನ್ನದು ಬಲಕ್ಕೆ ಎಳೀತಿದೆ!"

ಸ್ಕ್ರೂ ಅಕ್ಕ ಬೀದಿಯಲ್ಲಿ ಬಂದ ನಡಿಗೆ ನೋಡಬೇಕಿತ್ತು. ಗೆದ್ದ ಪೈಲ್ವಾನನೂ ಅಷ್ಟು ಕೈ ಬೀಸುವುದಿಲ್ಲ. ತಂಗಿ ಭಾನುವಾರವೆಂದು ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಕಿಟಕಿಯ ಹತ್ತಿರ ಮಷೀನಿನ ಮುಂದೆ ಕೂತಿದ್ದಳು. ಅಕ್ಕ ನಿಂತೇ ಎಲ್ಲ ಕಥೆ ಹೇಳಿದಳು, ಕಿಟಕಿ ಫ್ರಿಜ್ಜು ಒಂದೂ ಬಿಡದೆ.

"ತಪ್ಪು ಸಾಮಾನಿನಲ್ಲಿ ಇರಲಿಲ್ಲ ಕಣೆ, ನನ್ನ ಕೈಯಲ್ಲೂ ಇರಲಿಲ್ಲ. ಅವರ ಕೈಯಲ್ಲಿತ್ತು. ನಾನು ಎರಡು ವಾರ ಸಾಮಾನನ್ನೇ ದುರುಗುಟ್ಟಿ ನೋಡ್ತಾ ಕೂತೆ. ಹಿಡಿದವರ ಕೈ ನೋಡ್ಲೇ ಇಲ್ಲ. ಅಷ್ಟೇ ನನ್ನ ದಡ್ಡತನ."

"ಆದ್ರೂ ಎರಡು ಸಲ ವಾಪಸ್ ಬಂದಿದ್ದು ಬಂದಿದ್ದೇ" ಎಂದಳು ತಂಗಿ, ಆದರೆ ಮಾತಿನಲ್ಲಿ ಕಸುವಿರಲಿಲ್ಲ. "ಇರ್ಲಿ. ಇದನ್ನೊಂದು ಪೋಣಿಸು."

"ಇವತ್ತಿನ ಪರೀಕ್ಷೆ ಬೆಳಿಗ್ಗೆನೇ ಆಯ್ತಲ್ಲ?"

"ಇನ್ನೊಂದು ಸಲ."

ಅಕ್ಕ ಸೂಜಿಗೆ ಕೈ ಚಾಚಿದಳು. ಬೇರೆ ದಿನವಾಗಿದ್ದರೆ ಸೂಜಿಯ ಕಣ್ಣನ್ನೇ ನೋಡುತ್ತಿದ್ದಳು. ಇವತ್ತು ತಂಗಿಯ ಕೈ ನೋಡಿದಳು.

ಕೈಯಲ್ಲಿದ್ದ ದಾರದ ತುದಿ ಎಂಜಲಾಗಿ, ಹೊಸೆದು ಹೊಸೆದು ಕುಂಚದಂತೆ ಬಿಚ್ಚಿಕೊಂಡಿತ್ತು. ಅಷ್ಟು ಹಾಳಾಗಬೇಕಾದರೆ ಹತ್ತು ಸಲವಾದರೂ ಪ್ರಯತ್ನಿಸಿರಬೇಕು. ಹೆಬ್ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳು. ಸೂಜಿ ಚುಚ್ಚಿಡುವ ದಿಂಬಿನಲ್ಲಿ ಏಳೆಂಟು ಸೂಜಿ, ಪ್ರತಿಯೊಂದರ ಕಣ್ಣಿನಲ್ಲೂ ಒಂದಿಂಚು ಹಳೆಯ ದಾರ ಬಿಟ್ಟಿತ್ತು. ಮಷೀನಿನ ಮೇಲೂ ಹಾಗೇ. ಬಣ್ಣ ಬದಲಿಸುವಾಗ ಹೊಸ ದಾರವನ್ನು ಹಳೆಯ ದಾರದ ಬಾಲಕ್ಕೆ ಗಂಟು ಹಾಕಿ ಎಳೆದುಕೊಂಡಿದ್ದಳು, ಹೊಸದಾಗಿ ಪೋಣಿಸುವುದೇ ಬೇಡವೆಂದು. ಗಂಟು ಹಾಕುವುದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು.

ಎರಡು ವರ್ಷದಿಂದ ದಿನಾ ಬೆಳಿಗ್ಗೆ ಪರೀಕ್ಷೆ ಆಗುತ್ತಿದ್ದದ್ದು ತನ್ನ ಕಣ್ಣಿಗಲ್ಲ.

"ಯಾವಾಗಿನಿಂದ?" ಎಂದು ಅಕ್ಕ ಕೇಳಿದಳು.

ತಂಗಿ ತಲೆ ಎತ್ತಲಿಲ್ಲ. ಮಷೀನಿನ ಮೇಲಿನ ಬಟ್ಟೆಯನ್ನು ಸುಮ್ಮನೆ ನೀವಿದಳು. "ನಿನ್ನ ಆಪರೇಷನ್‌ಗೂ ಮುಂಚೆಯಿಂದ. ಆಗ ಸ್ವಲ್ಪ ಮಬ್ಬು. ಈಗ ಬೆಳಕಿದ್ರೂ ಕಷ್ಟ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೆದರಿಕೆ ಆಯ್ತು" ಎಂದಳು ತಂಗಿ. "ಕಣ್ಣು ಮುಟ್ತಾರೆ ಅಂದ್ರೆ ನಂಗೆ ಮೈಯೆಲ್ಲ ನಡುಗ್ತದೆ. ಹಾಗಂತ ಟೈಲರ್ ಕಣ್ಣು ಹೋಯ್ತು ಅಂತ ಬೀದಿಗೆಲ್ಲ ಗೊತ್ತಾಗೋದೂ ಬೇಡ. ನೀನು ಅಂಗಡಿ ಮುಚ್ಚಿದ್ರೆ ನಾನೂ ಮುಚ್ಚಬ‌ಹುದಿತ್ತು. ಅಕ್ಕನ್ನ ನೋಡ್ಕೊಳ್ಳೋಕೆ ಬಿಟ್ಟೆ ಅಂತ ಹೇಳಬಹುದಿತ್ತು."

ಅಕ್ಕನಿಗೆ ಸಿಟ್ಟು ಬಂತು, ಅಳು ಬಂತು, ಸಿಟ್ಟು ಹೆಚ್ಚೋ ಅಳು ಹೆಚ್ಚೋ ಗೊತ್ತಾಗಲಿಲ್ಲ. ತನ್ನ ಎರಡು ವಾರದ ಆತಂಕ ನೆನಪಾಯಿತು. ಇವಳು ಎರಡು ವರ್ಷ ಅದನ್ನೇ ಒಬ್ಬಳೇ ಹೊತ್ತು ಮೆಟ್ಟಿಲು ಹತ್ತಿ ಇಳಿದಿದ್ದಾಳೆ. ತಂಗಿಯ ತಲೆಗೆ ಮೆಲ್ಲಗೆ ಒಂದು ಕೊಟ್ಟು, ಆ ತಲೆಯನ್ನೇ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಳು.

"ನಾಳೆ ನನ್ನ ಡಾಕ್ಟ್ರ ಹತ್ರ ಹೋಗ್ತಿದೀವಿ. ಇಪ್ಪತ್ತು ನಿಮಿಷದ ಕೆಲಸ. ಒಳಗೂ ನಾನೇ ಕೈ ಹಿಡ್ಕೊಂಡು ನಿಲ್ತೀನಿ, ಬೇಡ ಅನ್ಲಿ ನೋಡೋಣ. ಯಾರೂ ಏನೂ ಮುಚ್ಚಲ್ಲ."

ಮಾರನೆಯ ದಿನ ಡಾಕ್ಟರು ನೋಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಅದರ ಮರುದಿನ ಬೆಳಿಗ್ಗೆ ತಂಗಿ ಸೂಜಿ ಹಿಡಿದು ಮೆಟ್ಟಿಲು ಹತ್ತಬೇಕಾಗಿ ಬರಲಿಲ್ಲ. ಅಕ್ಕನೇ ಕೆಳಗಿಳಿದು ಬಂದು, ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಮಷೀನಿನ ಎಡಗಡೆ, ಕೈಗೆ ಸಿಗುವ ಹಾಗೆ ಇಟ್ಟಳು. ಮ್ಯಾಗ್ನೆಟ್ಟಿನ ಮೇಲೆ ಹನ್ನೆರಡು ಸೂಜಿ ಸಾಲಾಗಿ ಮಲಗಿದ್ದವು. ಬಿಳಿ, ಕಪ್ಪು, ನೀಲಿ, ಕೆಂಪು, ಒಂದೊಂದಕ್ಕೂ ಒಂದೊಂದು ಮೊಳ ದಾರ ಪೋಣಿಸಿತ್ತು.

"ಪಾಸಾ?" ಎಂದಳು ಅಕ್ಕ, ಎಂದಿನಂತೆ.

ತಂಗಿ ಸಾಲಿನ ಮೇಲೆ ಬೆರಳಾಡಿಸಿ ಒಂದೊಂದಾಗಿ ಎಣಿಸಿದಳು. ಒಂದೂ ತಪ್ಪಿರಲಿಲ್ಲ.

"ನೀನು ಪಾಸು" ಎಂದಳು. "ನನ್ನ ಪರೀಕ್ಷೆ ಗುರುವಾರ."